‘ಇಲೆವೆಂತ್ ಅವರ್’ ಎಂದರೆ ಎಷ್ಟು ಗಂಟೆ?



ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನ ಆದಾಯ ಪ್ರಮಾಣಪತ್ರಕ್ಕಾಗಿ ಓಡಾಡುವವರನ್ನು ಕಂಡು ‘ಅಟ್ ದಿ ಇಲೆವೆಂತ್ ಅವರ್’ ಎನ್ನುತ್ತೇವೆ. ಇದನ್ನು ರಾತ್ರಿ ಹನ್ನೊಂದು ಗಂಟೆ ಎಂದು ತಿಳಿಯಬೇಡಿ. ಹಿಂದೆ ಯಹೂದಿಯರೂ ರೋಮನ್ನರೂ ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಹನ್ನೆರಡು ಪಾಲು ಮಾಡುತ್ತಿದ್ದರು. ಅದರಲ್ಲಿ ಹನ್ನೊಂದನೆಯದೆಂದರೆ ನಮ್ಮ ಸಂಜೆ ಸುಮಾರು ಐದು ಗಂಟೆ, ಮಗ್ರಿಬ್ ಹತ್ತಿರವಾಗುವ ಹೊತ್ತು. ಕನ್ನಡದಲ್ಲಿ ಇದು ‘ಕೊನೇ ಗಳಿಗೆ’. ಗಳಿಗೆಯೆಂದರೆ 24 ನಿಮಿಷ. ನಮ್ಮವರ ಲೆಕ್ಕ ಇನ್ನೂ ಬಿಗಿ!

ಬಳಸುವಾಗ ‘ಅಟ್ ದಿ’ ಬಿಡಬೇಡಿ. ‘ದಿ ಮೀಟಿಂಗ್ ವಾಸ್ ಕ್ಯಾನ್ಸಲ್ಡ್ ಅಟ್ ದಿ ಇಲೆವೆಂತ್ ಅವರ್’ ಎಂದರೆ ಕೊನೇ ಗಳಿಗೆಯಲ್ಲಿ ಸಭೆ ರದ್ದಾಯಿತು. ‘ಇನ್ ದಿ ನಿಕ್ ಆಫ್ ಟೈಮ್’ ಬೇರೆ. ಅದರಲ್ಲಿ ಕೆಲಸ ಕೈಗೂಡಿರಬೇಕು, ಅಪಾಯ ತಪ್ಪಿರಬೇಕು. ಬಸ್ಸು ತಪ್ಪಿಸಿಕೊಂಡವನಿಗೆ ಅದು ಸಲ್ಲದು.

ಈ ನುಡಿಗಟ್ಟಿನ ಮೂಲ ಬೈಬಲಿನ ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿದೆ. ದ್ರಾಕ್ಷಿತೋಟದ ಯಜಮಾನನೊಬ್ಬ ಬೆಳಿಗ್ಗೆಯಿಂದ ಹಲವು ಸಲ ಕೂಲಿಯಾಳುಗಳನ್ನು ಕರೆಯುತ್ತಾನೆ. ಹನ್ನೊಂದನೆಯ ತಾಸಿನಲ್ಲಿ ಬಂದವರಿಗೂ ಇಡೀ ದಿನದ ಕೂಲಿ ಕೊಡುತ್ತಾನೆ. ಸಹೀಹ್ ಬುಖಾರಿಯಲ್ಲಿ ಇಬ್ನು ಉಮರ್(ರ) ವರದಿ ಮಾಡಿರುವ ಹದೀಸಿನಲ್ಲೂ ಇಂಥದೇ ಉಪಮೆಯಿದೆ. ಮಧ್ಯಾಹ್ನದವರೆಗೆ ದುಡಿದವರಿಗೆ ಒಂದು ಕೀರಾತ್, ಅಲ್ಲಿಂದ ಅಸರ್‌ವರೆಗೆ ದುಡಿದವರಿಗೆ ಒಂದು, ಅಸರ್‌ನಿಂದ ಸೂರ್ಯಾಸ್ತದವರೆಗೆ ದುಡಿದವರಿಗೆ ಎರಡು! ಮೊದಲಿನವರು ಆಕ್ಷೇಪಿಸುತ್ತಾರೆ. ನಿಮ್ಮ ಹಕ್ಕಿನಲ್ಲಿ ಏನಾದರೂ ಕಡಿತವಾಯಿತೇ ಎಂದು ಅವರನ್ನು ಕೇಳಲಾಗುತ್ತದೆ. ಇಲ್ಲವೆನ್ನುತ್ತಾರೆ. ಹಾಗಾದರೆ ಹೆಚ್ಚಿನದು ನನ್ನ ಅನುಗ್ರಹ ಎಂಬ ಉತ್ತರ ಬರುತ್ತದೆ. ಈ ಉಪಮೆ ಸಮುದಾಯಗಳ ಬಗ್ಗೆ ಹೇಳಿದ್ದು, ನಿಜ. ಆದರೂ ತಡವಾಗಿ ಬಂದವರನ್ನು ಅಲ್ಲಿ ಯಾರೂ ಹೀಯಾಳಿಸಲಿಲ್ಲ ಎಂಬುದನ್ನು ಗಮನಿಸಿ.

ಇಂದು ಈ ಮಾತನ್ನು ನಾವು ಬೈಗುಳದಂತೆ ಆಡುತ್ತೇವೆ. ಆದರೆ ತೋಟದ ಕಥೆಯಲ್ಲಿ, ದಿನವಿಡೀ ಏಕೆ ಸುಮ್ಮನೆ ನಿಂತಿದ್ದೀರಿ ಎಂದು ಯಜಮಾನ ಕೇಳಿದಾಗ ಆ ಜನ ಹೇಳಿದ್ದೇನು? ನಮ್ಮನ್ನು ಯಾರೂ ಕೆಲಸಕ್ಕೆ ಕರೆಯಲೇ ಇಲ್ಲ ಎಂದು. ಏಳನೇ ತರಗತಿಗೇ ಶಾಲೆ ಬಿಡಿಸಲ್ಪಟ್ಟು, ಮೂವತ್ತೈದರಲ್ಲಿ ಖಾಸಗಿಯಾಗಿ ಎಸ್ಸೆಸ್ಸೆಲ್ಸಿಗೆ ಕಟ್ಟುವ ತಾಯಿಯೂ ಇದೇ ಉತ್ತರ ಕೊಡಬಲ್ಲಳು. ಅರ್ಜಿಯನ್ನು ತಿಂಗಳಿಡೀ ಬ್ಯಾಗಿನಲ್ಲಿಟ್ಟುಕೊಂಡು ತಿರುಗಿದ ಹುಡುಗನಿಗೆ ‘ಇಲೆವೆಂತ್ ಅವರ್’ ಎಂದು ಧಾರಾಳವಾಗಿ ಹೇಳಿ. ಆ ತಾಯಿಗೆ ಹೇಳುವ ಮುಂಚೆ, ಅವರ ಅರ್ಜಿ ತುಂಬಿಕೊಡಲು ನಿಮ್ಮ ಪೆನ್ನು ತೆಗೆಯಿರಿ.