ಫೋನಿನ ಪಾಠಕ್ಕೂ ನೀರುಗಂಟಿ ಬೇಕು



ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ಫೋನಿನಲ್ಲಿ ಕಲಿಯುವ ವಿಚಾರವಾಗಿ ನಾಲ್ಕು ಮಾತು ಹೇಳಲು ನಿಂತಿದ್ದೇವೆ.

ನಮ್ಮ ಮಾರ್ಕೋನಹಳ್ಳಿ ಜಲಾಶಯದ ಸೈಫನ್ ತಾವೆಲ್ಲ ನೋಡಿದ್ದೀರಿ. ಶಿಂಷೆ ತುಂಬಿ ನೀರು ಮಟ್ಟ ಮುಟ್ಟಿದರೆ ಯಾರೂ ಗೇಟು ಎತ್ತಬೇಕಿಲ್ಲ, ಹೆಚ್ಚಾದ ನೀರನ್ನು ಅದು ತಾನೇ ಹೊರಹಾಕುತ್ತದೆ. ಆದರೆ ನಾಲೆಯ ಕೊನೆಯ ಗದ್ದೆಗೆ ನೀರು ತಾನಾಗಿ ಹೋಗುತ್ತದೆಯೇ? ಅದಕ್ಕೆ ನೀರುಗಂಟಿ ಬೇಕು. ಫೋನಿನ ಪಾಠವೂ ಹಾಗೆಯೇ.

2020ರಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿದಾಗ ಇದು ಗೊತ್ತಾಯಿತು. ಮನೆಗೊಂದೇ ದೊಡ್ಡ ಫೋನು, ಅದು ಅಪ್ಪನ ಜೇಬಲ್ಲಿ, ಅಪ್ಪ ತೋಟದಲ್ಲಿ. ಕೆಲವರ ಮನೆಯಲ್ಲಿ ಅದೂ ಇಲ್ಲ. ಚಂದನ ವಾಹಿನಿಯಲ್ಲಿ ಪಾಠ ಬಂತು ನಿಜ, ಆದರೆ ಅರ್ಥವಾಗದ ಲೆಕ್ಕವನ್ನು ಟಿ.ವಿ.ಯನ್ನು ಕೇಳೋಕಾಗುತ್ತಾ? ಆ ಆಗಸ್ಟಿನಲ್ಲಿ ಸರ್ಕಾರ 'ವಿದ್ಯಾಗಮ' ತಂದಾಗ ಮೇಷ್ಟ್ರುಗಳು ಊರೂರಿಗೆ ಬಂದು, ಮಕ್ಕಳನ್ನು ಮರದಡಿ, ಜಗಲಿಯಲ್ಲಿ ಕೂರಿಸಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನೂ ತಡೆಹಿಡಿಯಬೇಕಾಯಿತು. ಆಗ ಹೆಚ್ಚು ಹಿಂದೆ ಬಿದ್ದವರು ಫೋನಿಲ್ಲದ ಮನೆಯ ಮಕ್ಕಳೇ.

ನಮ್ಮ ರೈತರ ವಾಟ್ಸಾಪ್ ಗುಂಪಿನದೂ ಇದೇ ಕಥೆ. ತೆಂಗಿನ ಗರಿ ಕಪ್ಪಾಗಿದೆ ಎಂದು ನಾವು ಫೋಟೋ ಹಾಕಿದೆವು. ಗಳಿಗೆಯಲ್ಲಿ ಹತ್ತು ಔಷಧಿ ಹೇಳಿದರು. ಒಂದನ್ನು ತಂದು ಹೊಡೆದು ದುಡ್ಡು ಕಳೆದುಕೊಂಡೆವು. ಆಮೇಲೆ ತಿಳಿದವರು ಬಂದು ಗರಿ ತಿರುಗಿಸಿ ತೋರಿಸಿದರು: ಅಡಿಯಲ್ಲಿ ಸುರುಳಿಯಾಗಿ ಮೊಟ್ಟೆ ಇಡುವ ಬಿಳಿನೊಣ! 2016ರಲ್ಲಿ ನಮ್ಮ ದೇಶದಲ್ಲಿ ಹೊಸದಾಗಿ ಕಂಡ ಕೀಟ. ಅದು ಸುರಿಸುವ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಸಿಕ್ಕಾಪಟ್ಟೆ ವಿಷ ಹೊಡೆದರೆ ಆ ನೊಣವನ್ನು ಕೊಲ್ಲುವ ಎನ್ಕಾರ್ಸಿಯಾ ಎಂಬ ಸಣ್ಣ ಕಣಜವೇ ಸಾಯುತ್ತದೆ. ಫೋನು ಸುಳ್ಳು ಹೇಳಲಿಲ್ಲ ಸ್ವಾಮಿ. 'ಗರಿಯ ಅಡಿ ನೋಡಿದಿರಾ?' ಎಂದು ಕೇಳುವವರು ಗುಂಪಿನಲ್ಲಿ ಒಬ್ಬರೂ ಇರಲಿಲ್ಲ.

2006ರಲ್ಲಿ ಬೆಂಗಳೂರಿನಲ್ಲಿ ಮೊದಲಾದ 'ಡಿಜಿಟಲ್ ಗ್ರೀನ್' ಇದನ್ನು ಅರಿತೇ ಕೆಲಸ ಮಾಡಿತು. ರೈತರದೇ ವಿಡಿಯೋ ತೆಗೆದು ರೈತರಿಗೇ ತೋರಿಸಿದರು. ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳಲು ಊರಿನವರೊಬ್ಬರನ್ನು ಇಟ್ಟರು.

ಆದ್ದರಿಂದ ನಮ್ಮ ಬಿನ್ನಹ ಇಷ್ಟೆ. ತಿಂಗಳಿಗೆ ಎರಡು ಸಂಜೆ ಸಂಘದ ಕೋಣೆಯಲ್ಲಿ ಇಂಥ ವಿಡಿಯೋ ಹಾಕೋಣ, ತಿಳಿದವರನ್ನು ಕರೆಸೋಣ. ಅನುಮಾನ ಬಂದರೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಅಲ್ಲಿಂದಲೇ ಕೇಳೋಣ. ಹಸು ಸಾಕುವ ಹೆಣ್ಣುಮಕ್ಕಳಿಗೆ ಫೋನು ಕೈಗೆ ಸಿಗೋದು ಮನೆಮಂದಿಯ ಊಟ ಮುಗಿದ ಮೇಲೆ. ಹಾಗಾಗಿ ಮುಂದಿನ ಸಾಲು ಅವರಿಗಿರಲಿ. ಕೇಳಲು ಯಾರೂ ನಾಚಬೇಡಿ, ಕೇಳಿದವರನ್ನು ಯಾರೂ ನಗಬೇಡಿ.

 ಜೈ ಸಹಕಾರ.