ಅಧಿಕಾರ ಮುಗಿದಿಲ್ಲ, ಕಾಗದ ಹಳೆಯದಾಗಿದೆ

ಯುಗಾದಿ ದಿನ ಸಾವಿನ ಮಾತೇಕೆ ಎಂದು ಕೆಲವರು ಬೇಸರಪಡಬಹುದು. ಏನು ಮಾಡುವುದು, ನಾವು ಇಷ್ಟು ಜನ ಒಟ್ಟಿಗೆ ಸಿಗುವುದೇ ಹಬ್ಬದ ದಿನ!

ಕ್ವೀನ್ಸ್‌ನಲ್ಲಿದ್ದ ನನ್ನ ಗೆಳೆಯನೊಬ್ಬ ಉಯಿಲು ಬರೆಯದೆ ತೀರಿಕೊಂಡ. ಜಮೈಕಾದ ಸರೊಗೇಟ್ಸ್ ಕೋರ್ಟ್ ಅವನ ಹೆಂಡತಿಗೆ ಆಸ್ತಿ ನಿರ್ವಹಣೆಯ ಅಧಿಕಾರ, ಅಂದರೆ ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್, ಕೊಟ್ಟಿತು. ಎಂಟನೇ ತಿಂಗಳು ಉಳಿದ ಖಾತೆ ಮುಚ್ಚಲು ಹೋದರೆ, "ನಿಮ್ಮ ಅಧಿಕಾರದ ಅವಧಿ ಮುಗಿದಿದೆ" ಎಂದುಬಿಟ್ಟರು ಒಂದು ಬ್ಯಾಂಕಿನವರು. "ಮತ್ತೆ ಮೊದಲಿಂದ ಅರ್ಜಿ ಹಾಕಬೇಕಾ? ಮತ್ತೆ ಅಷ್ಟೇ ಫೀಸಾ?" ಅಂತ ಅತ್ತಿಗೆ ರಾತ್ರಿ ಫೋನ್ ಮಾಡಿದರು.

ಬೇಕಿಲ್ಲ. ನ್ಯೂಯಾರ್ಕಿನಲ್ಲಿ ಕೋರ್ಟ್ ರದ್ದು ಮಾಡುವವರೆಗೆ ನೇಮಕ ಸಾಮಾನ್ಯವಾಗಿ ನಿಂತೇ ಇರುತ್ತದೆ. ಹಳೆಯದಾಗುವುದು ಅದನ್ನು ತೋರಿಸುವ ಸರ್ಟಿಫಿಕೇಟ್ ಮಾತ್ರ. 6 ತಿಂಗಳು ದಾಟಿದ್ದನ್ನು ಬ್ಯಾಂಕುಗಳು ಒಪ್ಪುವುದಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅಕೌಂಟ್ ಇದೆ, ಸೆಷನ್ ಮುಗಿದಿದೆ. ಫೈಲ್ ನಂಬರ್ ಕೊಟ್ಟು ಅದೇ ಕೋರ್ಟಿನಿಂದ ಹೊಸದು ಪಡೆಯಬಹುದು. ಒಂದಕ್ಕೆ 6 ಡಾಲರ್. ಒಮ್ಮೆಗೇ ಹತ್ತು ತಗೊಂಡು ಇಟ್ಟುಕೊಳ್ಳಬೇಡಿ, ಎಲ್ಲಕ್ಕೂ ಒಂದೇ ದಿನ ವಯಸ್ಸಾಗುತ್ತದೆ.

ಆದರೆ ಪತ್ರದಲ್ಲೇ ಮುಕ್ತಾಯದ ದಿನಾಂಕ ಇದ್ದರೆ, ಉದಾಹರಣೆಗೆ ತಾತ್ಕಾಲಿಕ ನೇಮಕ, ಆಗ ಮಾತು ಬೇರೆ. ಅವಧಿ ವಿಸ್ತರಿಸಲು ಕೋರ್ಟಿನ ಆದೇಶವೇ ಬೇಕು. ದಿನಾಂಕಕ್ಕೆ ಮೊದಲೇ ವಕೀಲರನ್ನು ಕಾಣಿ.

ಇನ್ನೊಂದು ತಮಾಷೆ ನೋಡಿ. ಸಾಲಗಾರರಿಗಾಗಿ 7 ತಿಂಗಳು ಕಾಯದೆ ವಾರಸುದಾರರಿಗೆ ಹಣ ಹಂಚಿದರೆ, ಆಮೇಲೆ ಯಾರಾದರೂ ಬಾಕಿ ಕೇಳಿದಾಗ ಆಡಳಿತಗಾರರ ಕೈಯಿಂದಲೇ ಕಟ್ಟಬೇಕಾಗಬಹುದು. ಕಾಗದಕ್ಕೆ 6, ಕಾಯುವುದಕ್ಕೆ 7! ಎಚ್ಚರಿಕೆಯಿಂದ ನಡೆಯುವವರಿಗೇ ಎರಡನೇ ಸರ್ಟಿಫಿಕೇಟ್ ಬೇಕಾಗುವುದು. ನಾಮಿನಿ ಬರೆದ 401(ಕೆ), ವಿಮೆಗೆ ಸಾಮಾನ್ಯವಾಗಿ ಈ ರಗಳೆಯೇ ಇಲ್ಲ. ಇವತ್ತೇ ಮನೆಗೆ ಹೋಗಿ ನೋಡಿಕೊಳ್ಳಿ.

ನನ್ನನ್ನು ಕಾಡುವುದು ಮದುವೆಯಾಗದ ನಮ್ಮ ಹುಡುಗರ ವಿಷಯ. ಇಲ್ಲಿ ಒಬ್ಬ ತೀರಿಕೊಂಡರೆ ವಾರಸುದಾರರು ಮಂಡ್ಯದಲ್ಲೋ ಹಾಸನದಲ್ಲೋ ಇರುವ ತಂದೆತಾಯಿ. ಅಮೆರಿಕದ ನಾಗರಿಕರಲ್ಲದ, ಇಲ್ಲಿ ನೆಲೆಸಿರದ ಅವರನ್ನು ಮಾತ್ರವೇ ಕೋರ್ಟ್ ನೇಮಿಸುವುದಿಲ್ಲ. ನ್ಯೂಯಾರ್ಕ್ ನಿವಾಸಿಯೊಬ್ಬರು ಜೊತೆಗೆ ನಿಲ್ಲಬೇಕು. ಮಗನನ್ನು ಕಳೆದುಕೊಂಡ ಆ ಹಿರಿಯರು ಅಂಥವರನ್ನು ಎಲ್ಲಿ ಹುಡುಕುತ್ತಾರೆ? ನಮ್ಮ ಕೂಟವೇ ಒಂದು ಪಟ್ಟಿ ಇಟ್ಟುಕೊಳ್ಳಲಿ ಎಂಬುದು ನನ್ನ ಒತ್ತಾಯ. ಮೊದಲ ಹೆಸರು ನನ್ನದು. ಇನ್ನು ನಾಲ್ಕು ಹೆಸರು ಬೇಕು, ಊಟಕ್ಕೆ ಮುಂಚೆ ಬಂದು ಬರೆಸಿ.