ಪಟ್ಟೆ ಬಿದಿರಿನ ಆರೈಕೆ



ಶತಮಾನೋತ್ಸವದ ನೆನಪಿಗೆ ಮನೆಗೊಂದು ಸಸಿಯನ್ನು ಕೊಡಬೇಕೆಂದು ನಿಶ್ಚಯಿಸಿದಾಗ ನಾವು ಆರಿಸಿಕೊಂಡದ್ದು ಪಟ್ಟೆ ಬಿದಿರನ್ನು. ಹಳದಿ ಕಾಂಡದ ಮೇಲೆ ಹಸಿರು ಗೆರೆಗಳನ್ನೆಳೆದಂತಿರುವ ಈ ತಳಿಗೆ ಸಸ್ಯಶಾಸ್ತ್ರಜ್ಞರು ಬ್ಯಾಂಬೂಸಾ ವಲ್ಗ್ಯಾರಿಸ್ 'ವಿಟ್ಟಾಟಾ' ಎನ್ನುತ್ತಾರೆ. ಅದರ ಆರೈಕೆಯ ಕುರಿತು ನಾಲ್ಕು ಮಾತುಗಳನ್ನು ನಿವೇದಿಸುತ್ತೇವೆ.

ಇದು ಮೆಳೆಗಟ್ಟುವ ಬಿದಿರು; ದೂರಕ್ಕೆ ಹಬ್ಬಿ ನೆರೆಯವರ ಹಿತ್ತಿಲನ್ನು ಆಕ್ರಮಿಸುವುದಿಲ್ಲ. ಆದರೂ 30-40 ಅಡಿ ಏರಬಲ್ಲುದಾದ್ದರಿಂದ ಗೋಡೆ, ಬಾವಿ, ವಿದ್ಯುತ್ ತಂತಿಗಳಿಂದ ದೂರವಿರಲಿ. ನಮ್ಮ ಕಾಸರಗೋಡಿನ ಮುರಕಲ್ಲಿನ ನೆಲದಲ್ಲಿ 2 ಅಡಿ ಆಳದ ಗುಂಡಿ ತೋಡಿ, ಹಟ್ಟಿಗೊಬ್ಬರ, ಸುಡುಮಣ್ಣು ತುಂಬಿ, ಮಳೆಗಾಲದ ಆರಂಭದಲ್ಲಿ ನೆಡುವುದು ಲೇಸು. ಬುಡದಲ್ಲಿ ನೀರು ನಿಲ್ಲಬಾರದು. ಬೇಸಗೆಯಲ್ಲಿ ತರಗೆಲೆ ಹೊದಿಸಿ ನೀರುಣಿಸಬೇಕು. ಮೊದಲ ವರ್ಷದ ಕಾಂಡ ಸಪೂರವಾಯಿತೆಂದು ನಿರಾಶರಾಗಬೇಡಿ. ಬಿದಿರಿನ ಕಾಂಡ ಮೂಡಿದ ಮೇಲೆ ದಪ್ಪವಾಗುವುದಿಲ್ಲ. ಬುಡ ಬಲಿತಂತೆ ಮುಂದಿನ ಕಣಿಲೆಗಳು ದಪ್ಪನಾಗಿ ಏಳುತ್ತವೆ.

ಮುಖ್ಯವಾದ ಮಾತು ಇನ್ನೊಂದಿದೆ. ಹಿಂದೆ ಶಾಲೆಯ ಅಂಗಳದಲ್ಲಿ ನಾವು ಬೆಳೆಸಿದ್ದ ಮೆಳೆಯಲ್ಲಿ, ಒಂದು ಮಳೆಗಾಲ, ಗೆರೆಯಿಲ್ಲದ ಅಚ್ಚ ಹಸಿರು ಕಣಿಲೆಯೊಂದು ಎದ್ದಿತು. ಸೊಂಪಾಗಿಯೇ ಇದೆಯಲ್ಲ ಎಂದು ಬಿಟ್ಟುಬಿಟ್ಟೆವು. ಹಸಿರು ಕಾಂಡಕ್ಕೆ ಹುರುಪು ಹೆಚ್ಚು. ಅದರ ಗೆಡ್ಡೆಯಿಂದ ಹುಟ್ಟುವುದೂ ಹಸಿರೇ. ಕೆಲವೇ ವರ್ಷಗಳಲ್ಲಿ ಮೆಳೆಯಿಡೀ ಹಸಿರಾಯಿತು. ಪಟ್ಟೆಯನ್ನು ಯಾರೂ ಕಡಿದಿರಲಿಲ್ಲ. ನಾವು ಗಮನಿಸಿರಲಿಲ್ಲ, ಅಷ್ಟೆ. ಅಂತಹ ಕಣಿಲೆ ಕಂಡೊಡನೆ ಗೆಡ್ಡೆಸಹಿತ ಬಿಡಿಸಿ ಬೇರೆಡೆ ನೆಡಬೇಕಿತ್ತು.

ಪಟ್ಟೆ ಬಿದಿರನ್ನು ಬೀಜದಿಂದ ಪಡೆಯಲಾಗದು. ಕಾಂಡದ ತುಂಡನ್ನು ಗಿಣ್ಣುಸಹಿತ ಮಣ್ಣಿನಲ್ಲಿ ಮಲಗಿಸಿ ಚಿಗುರಿಸಬೇಕು. ಕೈಯಿಂದ ಕೈಗೆ ದಾಟಿಸಬೇಕು. ನಮ್ಮ ಅದೃಷ್ಟವೆಂದರೆ, ಹಳೆವಿದ್ಯಾರ್ಥಿಯೊಬ್ಬರು ಎಂದೋ ಒಯ್ದು ನೆಟ್ಟಿದ್ದ ತುಂಡು ಅವರ ಹಿತ್ತಿಲಲ್ಲಿ ಪಟ್ಟೆಸಹಿತ ಉಳಿದಿತ್ತು. ಇಂದು ನಿಮ್ಮ ಕೈಗಿತ್ತಿರುವ ಸಸಿಗಳು ಆ ಹಿತ್ತಿಲಿನವು.

1956ರಲ್ಲಿ ಕೇರಳಕ್ಕೆ ಸೇರಿದ ಈ ನೆಲದಲ್ಲಿ ನಮ್ಮ ಮಕ್ಕಳು ತುಳು, ಮಲೆಯಾಳ, ಕೊಂಕಣಿಗಳನ್ನಾಡುತ್ತ ಕನ್ನಡದ ಅಕ್ಷರ ಕಲಿತವರು. ಎಲ್ಲ ಗೆರೆಗಳೂ ಒಂದೇ ಕಾಂಡದವು. ಅಂಗಳದಲ್ಲಿ ಅಳಿದದ್ದು ಮನೆಯಲ್ಲಿ ಉಳಿದೀತೆಂಬುದನ್ನು ನಾವು ಕಂಡಿದ್ದೇವೆ. ಆದರೆ ಮನೆಯಲ್ಲೂ ಅಳಿದರೆ ಮರಳಿ ತರುವುದೆಲ್ಲಿಂದ? ಸಸಿಯನ್ನು ಕಾಪಾಡಿ, ಬಲಿತ ಮೇಲೆ ಒಂದು ತುಂಡನ್ನು ನೆರೆಮನೆಗೂ ಕೊಡಿ ಎಂದು ವಿನಂತಿಸಿ ವಿರಮಿಸುತ್ತೇವೆ.